ಸೃಷ್ಟಿಕಥೆ ಅಂದರೆ ಒಂದು ಆರ್‌ಟಿಸಿ

ಪೋಸ್ಟ್ ಸ್ವಲ್ಪ ಉದ್ದ ಉಂಟು. ಪುರುಸೊತ್ತು ಮಾಡಿಕೊಂಡು ಓದಿ. ತಕರಾರಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಇನ್‌ಬಾಕ್ಸಿಗೆ ಬಂದು ಬೈಯಬೇಡಿ.

ಮೊನ್ನೆ ಬಂಟ್ವಾಳದ ಒಂದು ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್ ಒಂದು ಬಂತು. ದಾರಿಯಲ್ಲಿ ವಾಚ್ ಬಿದ್ದು ಸಿಕ್ಕಿದರೆ ಅದು ತನ್ನಿಂದ ತಾನೇ ಆಯಿತು ಅಂತ ಯಾರಾದರೂ ಹೇಳ್ತಾರಾ? ಮಾಡಿದವನೊಬ್ಬ ಇರಲೇಬೇಕಲ್ಲ? ಹಾಗಾದರೆ ಕಣ್ಣು, ಹೃದಯ, ಮೆದುಳು, ಇದನ್ನೆಲ್ಲ ಮಾಡಿದವನೊಬ್ಬ ಇರಬೇಡವಾ? ಆದ್ದರಿಂದ ಡಾರ್ವಿನ್ ಸುಳ್ಳು, ನಮ್ಮ ಋಷಿಗಳೇ ಸತ್ಯ. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು.

ತಮಾಷೆ ಎಂತದೆಂದರೆ, ಆ ವಾಚ್ ನಮ್ಮ ಋಷಿಗಳದ್ದಲ್ಲ. ವಿಲಿಯಂ ಪೇಲಿ ಎಂಬ ಇಂಗ್ಲೆಂಡಿನ ಪಾದ್ರಿ 1802ರಲ್ಲಿ ಬರೆದ ಪುಸ್ತಕದ್ದು. ಬೆಳಿಗ್ಗೆ ಎದ್ದರೆ ಪಾದ್ರಿಗಳ ಮೇಲೆ ಕಿಡಿಕಾರುವವರೇ 220 ವರ್ಷ ಹಳೆಯ ಪಾದ್ರಿಯ ಪ್ರವಚನವನ್ನು ಸನಾತನ ಅಂತ ಹಂಚುತ್ತಾ ಇದ್ದಾರೆ.

ನಾನು ಅಲ್ಲಿ ನಾಲ್ಕು ಸಾಲು ಉತ್ತರ ಬರೆದೆ. ಸಂಜೆ ನಮ್ಮ ಸಂಘಟನೆಯ ಹಿರಿಯರೊಬ್ಬರ ಫೋನ್. "ಎಂತ ಮಾರಾಯ, ನಿನಗೆ ಬೇರೆ ಕೆಲಸ ಇಲ್ವಾ? ಡಿಸಿ ಮನ್ನಾ ಭೂಮಿಯ ಅರ್ಜಿ ಧೂಳು ತಿಂತಾ ಉಂಟು. ನೀನು ಮಂಗನಿಂದ ಮಾನವ ಅಂತ ಜಗಳ ಮಾಡ್ತಾ ಕೂತಿದ್ದಿ. ಹೊಟ್ಟೆಗಿಲ್ಲದವನಿಗೆ ಡಾರ್ವಿನ್ ಯಾಕೆ?"

ಅವರ ಮೇಲೆ ನನಗೆ ತುಂಬ ಗೌರವ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಯಾಕೆಂದರೆ ಡಿಸಿ ಮನ್ನಾ ಭೂಮಿಯೂ ಡಾರ್ವಿನ್ನೂ ಎರಡು ವಿಷಯ ಅಲ್ಲ. ನಾನು ಕಚೇರಿಯಲ್ಲಿ ಕಡತ ತಿರುವಿ ಹೊಟ್ಟೆ ಹೊರೆಯುವವನು. ನನಗೆ ಒಂದು ಗೊತ್ತುಂಟು: ಜಾಗ ಯಾರದ್ದು ಅಂತ ಜಗಳ ಬಂದರೆ ಎಲ್ಲರೂ ಮೂಲ ದಾಖಲೆ ಎಲ್ಲಿ ಅಂತಲೇ ಕೇಳುವುದು. ಸೃಷ್ಟಿಕಥೆ ಎಂದರೆ ಸಮಾಜದ ಮೂಲ ದಾಖಲೆ. ಅದೊಂದು ಆರ್‌ಟಿಸಿ. ಅದರಲ್ಲಿ ಯಾರ ಹೆಸರು ಎಲ್ಲಿ ಬರೆದುಂಟು ಅಂತ ನೋಡದೆ "ಎಷ್ಟು ಚಂದದ ಕಥೆ" ಅಂತ ತಲೆ ಆಡಿಸುವವರು ನಾವಾಗಬಾರದು.

ಮೂರು ಆರ್‌ಟಿಸಿ ತೆಗೆದು ನೋಡುವ.

ಮೊದಲನೆಯದು ಋಗ್ವೇದದ ಹತ್ತನೇ ಮಂಡಲದ ಪುರುಷಸೂಕ್ತ. ಮುಖದಿಂದ ಬ್ರಾಹ್ಮಣ, ತೋಳಿನಿಂದ ಕ್ಷತ್ರಿಯ, ತೊಡೆಯಿಂದ ವೈಶ್ಯ, ಪಾದದಿಂದ ಶೂದ್ರ. ನಾವು? ನಮ್ಮ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಪಾದಕ್ಕೂ ಹೊರಗೆ. ಬಾಬಾಸಾಹೇಬರು 1946ರಲ್ಲಿ ಪ್ರಕಟವಾದ ಶೂದ್ರರು ಯಾರು ಎಂಬ ಪುಸ್ತಕದಲ್ಲಿ ಮೊದಲು ಕೈ ಹಾಕಿದ್ದೇ ಈ ಸೂಕ್ತಕ್ಕೆ. ಜಗತ್ತು ಹೇಗಾಯಿತು ಎಂಬ ಕಥೆಗಳು ಎಲ್ಲ ಜನಾಂಗಗಳಲ್ಲೂ ಉಂಟು. ಆದರೆ ಮನುಷ್ಯರಲ್ಲಿ ಮೇಲು ಕೀಳಿನ ಸಾಲನ್ನೇ ದೇವರ ಇಚ್ಛೆ ಅಂತ ಸೀಲು ಒತ್ತಿ ಕೊಟ್ಟ ಕಥೆ ಇದು. ಅವರು ಹಿಡಿದದ್ದು ಆ ಸೀಲನ್ನು.

ಎರಡನೆಯದು ನಮ್ಮ ಊರಿನದ್ದೇ. ಪರಶುರಾಮ ಕೊಡಲಿ ಬೀಸಿದ, ಸಮುದ್ರ ಹಿಂದೆ ಸರಿಯಿತು, ಕರಾವಳಿ ಹುಟ್ಟಿತು. ಇವತ್ತಿಗೂ ಭಾಷಣದಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ "ಪರಶುರಾಮ ಸೃಷ್ಟಿಯ ಈ ತುಳುನಾಡಿನಲ್ಲಿ" ಅಂತ ಶುರುಮಾಡ್ತಾರೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಭೂಮಿಯನ್ನು ಆತ ಬ್ರಾಹ್ಮಣರಿಗೆ ದಾನ ಕೊಟ್ಟ ಅಂತ ಮುಂದಿನ ಸಾಲು. ಅಂದರೆ ಸಮುದ್ರದಿಂದ ಭೂಮಿ ಎದ್ದ ದಿನವೇ ಪಟ್ಟೆ ಆಗಿಹೋಗಿದೆ! ಗದ್ದೆ ಉತ್ತವರು, ಕಾಡು ಕಡಿದವರು, ತೋಡು ಕಟ್ಟಿದವರು ಆ ದಾಖಲೆಯಲ್ಲಿ ಎಲ್ಲಿದ್ದಾರೆ? ಬ್ರಿಟಿಷರ ಕಾಲದಲ್ಲಿ ನಮಗೆಂದು ಮೀಸಲಿಟ್ಟ ಡಿಸಿ ಮನ್ನಾ ಜಾಗ ಕೇಳಿದರೆ "ಇವರಿಗೆಂತ ಜಾಗ" ಅಂತ ಮುಖ ಗಂಟು ಹಾಕುವವರ ಮನಸ್ಸಿನಲ್ಲಿರುವುದು ಕಂದಾಯ ಕಾನೂನಲ್ಲ, ಈ ಹಳೇ ಪಟ್ಟೆ. ಹಿರಿಯರಿಗೆ ನನ್ನ ಉತ್ತರದ ಅರ್ಧ ಇಲ್ಲಿಯೇ ಉಂಟು.

ಮೂರನೆಯದು ಅಜಲು. ನಮ್ಮ ಕೊರಗ ಬಂಧುಗಳ ಮೇಲೆ ಹೇರಿದ್ದು. ಗರ್ಭಿಣಿಯ ದೋಷ, ಮಗುವಿನ ಕಾಯಿಲೆ ಕಳೆಯಬೇಕೆಂದು ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವುದು. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಕೂಲಿ ಕೊಡದೆ ದುಡಿಸುವುದು. ಇದನ್ನು ನಿಲ್ಲಿಸಲು ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಒಂದು ಕಾಯ್ದೆಯೇ ಬರಬೇಕಾಯಿತು. ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ!

ಅಜಲನ್ನು ಬರೀ ಕೆಟ್ಟ ಪದ್ಧತಿ ಅಂತ ಹೇಳಿ ಮುಗಿಸಬೇಡಿ. ಅದರೊಳಗೆ ಒಂದು ಜೀವಶಾಸ್ತ್ರ ಉಂಟು. ನನ್ನ ಮಗುವಿನ ದೇಹ ಒಂದು ಬಗೆ, ಕೊರಗರ ದೇಹ ಇನ್ನೊಂದು ಬಗೆ. ನನ್ನ ಮನೆಯ ಕೆಡುಕನ್ನು ಹೀರಿಕೊಳ್ಳಲಿಕ್ಕೆಂದೇ ಆ ದೇಹವನ್ನು ದೇವರು ಮಾಡಿದ್ದಾನೆ. ದೈವೀ ವಿನ್ಯಾಸ ಅಂತ ಈಗ ಇಂಗ್ಲಿಷಿನಿಂದ ತಂದು ಹೊಳಪು ಹಚ್ಚಿ ಕೊಡುತ್ತಾರಲ್ಲ, ತುಳುನಾಡಿನಲ್ಲಿ ಅದರ ಪ್ರಯೋಗಶಾಲೆ ಕೊರಗರ ಬಟ್ಟಲಾಗಿತ್ತು. ಅದೇ ಊರಿನಲ್ಲಿ ಕೊರಗ ತನಿಯ ಸತ್ತ ಮೇಲೆ ಕೊರಗಜ್ಜನಾಗಿ ಎಲ್ಲ ಜಾತಿಯವರಿಂದ ಕೈಮುಗಿಸಿಕೊಂಡ. ಬದುಕಿದ್ದ ಕೊರಗರಿಗೆ ಎಂಜಲು.

ಈಗ ವಿಜ್ಞಾನದ ಕಡತ ತೆಗೆಯುವ.

ಭೂಮಿಗೆ ಸುಮಾರು 454 ಕೋಟಿ ವರ್ಷ. ಜೀವ ಹುಟ್ಟಿ ಕಡಿಮೆಯೆಂದರೂ 350 ಕೋಟಿ ವರ್ಷ. ಇದರ ಸಾಕ್ಷಿ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಚಿತ್ರದುರ್ಗ ಸೀಮೆಯ ಹಳೇ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರ ಪದರದ ಗುರುತುಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು 250 ಕೋಟಿ ವರ್ಷಕ್ಕೂ ಹಿಂದೆ ನೀರಿನಲ್ಲಿ ಚಾಪೆಯ ಹಾಗೆ ಬೆಳೆದು ಬಿಟ್ಟುಹೋದ ಗುರುತುಗಳು ಅವು. ಕನ್ನಡ ನೆಲದ ಅತಿ ಹಳೇ ನಿವಾಸಿಗಳು ಯಾರು ಅಂತ ಕೇಳಿದರೆ ಉತ್ತರ ಅದು. ಅವಕ್ಕೆ ಗೋತ್ರ ಇರಲಿಲ್ಲ.

ನಮ್ಮ ಕರಾವಳಿ? ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಆ ಕಂಬದಂತಹ ಕಲ್ಲುಗಳ ಮುಂದೆ ಸೆಲ್ಫಿ ತೆಗೆದಿರುತ್ತೀರಿ. ಅದು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಮಡಗಾಸ್ಕರ್ ಮತ್ತು ಭಾರತ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾದ ಕಾಲದ್ದು. ಈ ನೆಲ ಹೀಗಾದದ್ದು ಭೂಮಿ ಸೀಳಿ, ಸರಿದು, ಮಳೆಗೆ ತೊಳೆದು. ಯಾರ ಕೊಡಲಿಯೂ ಬೇಕಾಗಿರಲಿಲ್ಲ, ಯಾರಿಗೂ ದಾನಪತ್ರವೂ ಆಗಿರಲಿಲ್ಲ.

ವಿಕಾಸ ಅರ್ಥ ಆಗುವುದಿಲ್ಲ ಎನ್ನುವವರಿಗೆ ಕೋಳಿ ಅಂಕದ ಮಾತು ಹೇಳ್ತೇನೆ. ಅಂಕದ ಕೋಳಿ ಸಾಕುವವರು ಯಾವ ಹುಂಜವನ್ನು ಯಾವ ಹೇಂಟೆಗೆ ಬಿಡಬೇಕು ಅಂತ ನೋಡಿ ನೋಡಿ ಆರಿಸುತ್ತಾರೆ. ಗೆದ್ದದ್ದರ ಮರಿ ಇಟ್ಟುಕೊಳ್ಳುತ್ತಾರೆ, ಉಳಿದದ್ದು ಸಾರಿಗೆ. ಹತ್ತಿಪ್ಪತ್ತು ತಲೆಮಾರಿನಲ್ಲಿ ತಳಿಯೇ ಬೇರೆ ಆಗುತ್ತದೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಚೀನಾದಿಂದ ತಂದ ಅಡಿಕೆಯಿಂದ ಆರಿಸಿ ಮಂಗಳ ತಳಿ ಮಾಡಿದ್ದೂ ಹೀಗೆಯೇ. ಡಾರ್ವಿನ್ ಇಂಗ್ಲೆಂಡಿನಲ್ಲಿ ಪಾರಿವಾಳ ಸಾಕುವವರನ್ನು ನೋಡಿ ಕೇಳಿದ ಪ್ರಶ್ನೆ ಇಷ್ಟೆ: ಆರಿಸುವವನೇ ಇಲ್ಲದಾಗ ಮಳೆ, ಬಿಸಿಲು, ಬರ, ಹಸಿವು, ಶತ್ರು ಇವೇ ಆರಿಸಿದರೆ? ಹತ್ತಿಪ್ಪತ್ತಲ್ಲ, ಲಕ್ಷಾಂತರ ತಲೆಮಾರು ಆರಿಸುತ್ತಾ ಹೋದರೆ? 1859ರ ಅವನ ಪುಸ್ತಕದ ತಿರುಳು ಅದು. ಪೇಲಿಯ ವಾಚ್ ಮರಿ ಹಾಕುವುದಿಲ್ಲ ಸ್ವಾಮಿ. ಕೋಳಿ ಹಾಕುತ್ತದೆ. ಮರಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಎಲ್ಲ ವ್ಯತ್ಯಾಸ ಅಲ್ಲಿಂದ ಶುರು.

ಮತ್ತೆ, ವಿನ್ಯಾಸಕಾರ ಅಷ್ಟು ಜಾಣನಾದರೆ ಅಡಿಕೆಯ ಕೊಳೆರೋಗದ ರೋಗಾಣುವನ್ನು ಯಾರು ವಿನ್ಯಾಸ ಮಾಡಿದ್ದು? ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರನ್ನು ಕೇಳಿ. ನಮ್ಮ ಬೆನ್ನೆಲುಬು ನಾಲ್ಕು ಕಾಲಿನ ಪ್ರಾಣಿಯದ್ದು, ನೆಟ್ಟಗೆ ನಿಲ್ಲಿಸಿದ ಮೇಲೆ ಸೊಂಟನೋವು ತಪ್ಪಿದ್ದಲ್ಲ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತ ನನ್ನ ಸೊಂಟವೇ ಇದಕ್ಕೆ ಸಾಕ್ಷಿ ಹೇಳ್ತದೆ.

ಇನ್ನೊಂದು ಮಾತು ಪ್ರಾಮಾಣಿಕವಾಗಿ. ಜೀವ ಬೆಳೆದು ಕವಲೊಡೆದದ್ದು ಹೇಗೆ ಎಂಬುದು ಒಂದು ಪ್ರಶ್ನೆ, ಮೊದಲ ಜೀವ ಹುಟ್ಟಿದ್ದು ಹೇಗೆ ಎಂಬುದು ಇನ್ನೊಂದು. ಫಾರ್ವರ್ಡ್ ಮಾಡುವವರು ಎರಡನ್ನೂ ಕಲಸುತ್ತಾರೆ. ಮೊದಲನೆಯದಕ್ಕೆ ಸಾಕ್ಷಿ ರಾಶಿ ರಾಶಿ ಉಂಟು. ಎರಡನೆಯದು ಇನ್ನೂ ಪೂರ್ತಿ ಬಿಡಿಸಿ ಆಗಿಲ್ಲ. ಜೀವವಿಲ್ಲದ ರಾಸಾಯನಿಕಗಳ ತೆಳು ಸಾರಿನಿಂದ ಜೀವ ಬಂದಿರಬಹುದು ಅಂತ 1929ರಲ್ಲಿ ಬರೆದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಅವರು ಭಾರತಕ್ಕೇ ಬಂದು, ಇಲ್ಲಿನ ಪೌರರಾಗಿ, ಭುವನೇಶ್ವರದಲ್ಲಿ ತೀರಿಕೊಂಡರು. 1953ರಲ್ಲಿ ಸ್ಟಾನ್ಲಿ ಮಿಲ್ಲರ್ ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯ, ಜಲಜನಕ, ನೀರಿನ ಹಬೆ ತುಂಬಿ ಮಿಂಚಿನಂತೆ ಕಿಡಿ ಹಾರಿಸಿದಾಗ ಅಮೈನೊ ಆಮ್ಲಗಳು ಸಿಕ್ಕಿದವು. ಜೀವಕ್ಕೆ ಬೇಕಾದ ಇಟ್ಟಿಗೆ ಸಿಕ್ಕಿತು, ಮನೆ ಇನ್ನೂ ಕಟ್ಟಿ ತೋರಿಸಿಲ್ಲ. ಹಾಗಂತ ವಿಜ್ಞಾನ ಒಪ್ಪಿಕೊಳ್ಳುತ್ತದೆ. ಉತ್ತರ ಸಿಗದ ಜಾಗದಲ್ಲಿ "ಹಾಗಾದರೆ ಅದು ದೇವರ ಜಾಗ" ಅಂತ ಬೇಲಿ ಹಾಕುವುದಕ್ಕೆ ನಮ್ಮ ಕಚೇರಿ ಭಾಷೆಯಲ್ಲಿ ಒತ್ತುವರಿ ಅಂತಾರೆ.

ಇನ್ನು ಅಧಿಕಾರದಲ್ಲಿದ್ದವರ ಕಥೆ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು, ಪಠ್ಯ ಬದಲಾಗಬೇಕು ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ವಿರೋಧ ದಾಖಲಿಸಿದವು. ಅಸಲಿಗೆ ಇವತ್ತಿನ ಮಂಗ ನಾಳೆ ಮನುಷ್ಯ ಆಗ್ತದೆ ಅಂತ ಯಾರೂ ಹೇಳಿಲ್ಲ. ಚಿಂಪಾಂಜಿಗೂ ನಮಗೂ 60-70 ಲಕ್ಷ ವರ್ಷದ ಹಿಂದೆ ಒಬ್ಬರೇ ಹಿರಿಯರು, ಅಷ್ಟೆ. ದಾಯಾದಿಗಳು. ಪುರುಷನ ಮುಖದಿಂದ ಯಾರಾದರೂ ಹುಟ್ಟಿದ್ದನ್ನು ಯಾವ ಪೂರ್ವಜರು ನೋಡಿದ್ದಾರೆ ಅಂತ ಆ ಸಚಿವರನ್ನು ಯಾರೂ ಕೇಳಲಿಲ್ಲ.

2019ರ ಜನವರಿ, ಜಲಂಧರದ ವಿಜ್ಞಾನ ಕಾಂಗ್ರೆಸ್. ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿ ಡಾರ್ವಿನ್‌ಗಿಂತ ದಶಾವತಾರವೇ ಉತ್ತಮ ಸಿದ್ಧಾಂತ ಅಂದರು. ಮೀನು, ಆಮೆ, ಹಂದಿ, ನರಸಿಂಹ, ಕುಳ್ಳ, ಆಮೇಲೆ ಪೂರ್ಣ ಮನುಷ್ಯ. ಕೇಳಲಿಕ್ಕೆ ಚಂದ. ಆದರೆ ಮೀನು ಆಮೆಯಾದದ್ದಲ್ಲ, ಒಬ್ಬನೇ ದೇವರು ವೇಷ ಬದಲಿಸಿದ್ದು. ವಿಕಾಸ ಏಣಿ ಅಲ್ಲ, ಕವಲೊಡೆದ ಮರ. ಏಣಿಯಲ್ಲಿ ಮೇಲೆ ಕೆಳಗೆ ಇರ್ತದೆ. ಮರದ ತುದಿಯ ಎಲೆಗಳಲ್ಲಿ ಯಾವ ಎಲೆ ಶ್ರೇಷ್ಠ?

ಮತ್ತೆ ಆ ಐದನೇ ಅವತಾರ. ಕುಳ್ಳ ಬಂದು ಮಾಡಿದ್ದೇನು? ಬಲಿಯ ತಲೆಯ ಮೇಲೆ ಕಾಲಿಟ್ಟು ಪಾತಾಳಕ್ಕೆ ತುಳಿದದ್ದು. ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಬಲಿಯೇಂದ್ರನನ್ನು ಕೂಗಿ ಕರೆಯುವ ಜನ ನಾವು. ಬಲಿಯನ್ನು ತುಳಿದದ್ದನ್ನೇ ವಿಕಾಸದ ಒಂದು ಮೆಟ್ಟಿಲು ಅಂತ ನಮ್ಮ ಮಕ್ಕಳು ಕಲಿಯಬೇಕಾ? ಈ ಅವತಾರಗಳ ಲೆಕ್ಕವನ್ನು ಜೋತಿಬಾ ಫುಲೆ 1873ರ ಗುಲಾಮಗಿರಿಯಲ್ಲೇ ಒಂದೊಂದಾಗಿ ಬಿಚ್ಚಿಟ್ಟಿದ್ದಾರೆ. ಡಾರ್ವಿನ್ ಪುಸ್ತಕ ಬಂದ 14 ವರ್ಷಕ್ಕೆ. ಬ್ರಹ್ಮನ ಬಾಯಿಯಿಂದ ಹೆರಿಗೆ ಆದದ್ದು ಹೇಗೆ ಅಂತ ಅವರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಭಾಷಣ ಆಯಿತು, ಆಮೇಲೆ ಕತ್ತರಿ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನದಲ್ಲಿ "ಅನುವಂಶೀಯತೆ ಮತ್ತು ಜೀವವಿಕಾಸ" ಅಂತ ಪಾಠ ಇತ್ತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ನೆಪದಲ್ಲಿ 2022ರಲ್ಲಿ ವಿಕಾಸದ ಭಾಗ ಕಿತ್ತರು. ಪಾಠದ ಹೆಸರು ಬರೀ "ಅನುವಂಶೀಯತೆ" ಆಯಿತು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಗಮನಿಸಿ ಗೆಳೆಯರೇ: ಹುಟ್ಟಿನಿಂದ ಬರುವುದರ ಪಾಠ ಉಳಿಯಿತು, ಕಾಲಕಾಲಕ್ಕೆ ಎಲ್ಲವೂ ಬದಲಾಗುತ್ತದೆ ಎಂಬ ಪಾಠ ಹೋಯಿತು. ಬೇಕೆಂದೇ ಮಾಡಿದ್ದೋ ಅಲ್ಲವೋ, ನಮ್ಮ ಸಮಾಜಕ್ಕೆ ಇದಕ್ಕಿಂತ ಸರಿಯಾದ ಶೀರ್ಷಿಕೆ ಇಲ್ಲ.

ಹನ್ನೆರಡನೇ ತರಗತಿಯಲ್ಲಿ ಉಂಟಲ್ಲ ಅಂದರು. ಉಂಟು, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಮೂಡುಬಿದಿರೆ ಇವತ್ತು ಶಿಕ್ಷಣದ ಊರು. ಲಕ್ಷ ಲಕ್ಷ ಫೀಸು ಕೊಟ್ಟು ನೀಟ್ ಕೋಚಿಂಗಿಗೆ ಸೇರುವ ಮಕ್ಕಳಿಗೆ ಡಾರ್ವಿನ್ ಹೇಗೂ ಸಿಗ್ತಾನೆ, ಪರೀಕ್ಷೆಗೆ ಬೇಕಲ್ಲ. ಬೆಳ್ತಂಗಡಿಯ ಕಾಲೊನಿಯಿಂದ ಹಾಸ್ಟೆಲಿಗೆ ಬಂದು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಗೋ ಕಾಮರ್ಸಿಗೋ ಬೀಡಿಗೋ ಹೋಗುವ ಹುಡುಗ ಹುಡುಗಿಗೆ? ಅವರಿಗೆ ಹತ್ತನೇ ತರಗತಿಯೇ ಕೊನೆಯ ವಿಜ್ಞಾನ. ನಮ್ಮ ರಾಜ್ಯದ ಹೈಸ್ಕೂಲ್ ವಿಜ್ಞಾನವೂ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಆಧರಿಸಿದ್ದು. ಮನುಷ್ಯರೆಲ್ಲ ಒಂದೇ ಬಳ್ಳಿಯವರು ಎಂಬ ಮಾತನ್ನು ಯಾರು ಎಲ್ಲರಿಗಿಂತ ಮೊದಲು ಕೇಳಬೇಕಿತ್ತೋ, ಅವರ ಬೆಂಚಿನಿಂದಲೇ ಅದನ್ನು ಎತ್ತಿಕೊಂಡು ಹೋಗುವುದು ಅಂದರೆ ಇದು.

ಈಗ ಎದುರು ಮಾತುಗಳು. ನ್ಯಾಯವಾದದ್ದಕ್ಕೆ ನ್ಯಾಯವಾಗಿಯೇ ಉತ್ತರ ಕೊಡುವ.

ಒಂದು: "ದೇವರನ್ನು ನಂಬಿಯೂ ವಿಕಾಸವನ್ನು ಒಪ್ಪಬಹುದಲ್ಲ?" ಖಂಡಿತ. ದೊಡ್ಡ ದೊಡ್ಡ ಜೀವವಿಜ್ಞಾನಿಗಳು ಆಸ್ತಿಕರಾಗಿದ್ದರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸ ಬರೀ ಊಹೆಯಲ್ಲ ಎಂಬ ಅರ್ಥದ ಮಾತು ಹೇಳಿದರು. ನನ್ನ ತಾಯಿ ಈಗಲೂ ದೈವಕ್ಕೆ ತೆಂಗಿನಕಾಯಿ ಇಡ್ತಾರೆ, ನಾನು ತಡೆಯುವುದಿಲ್ಲ. ಯಾರ ಕೈಮುಗಿಯುವಿಕೆಯ ಮೇಲೂ ನನ್ನ ಜಗಳ ಇಲ್ಲ. ಆ ಕೈಯಲ್ಲಿ ಹಿಡಿದ ಜಾತಿಪಟ್ಟಿಯ ಮೇಲೆ ಜಗಳ.

ಎರಡು: "ಡಾರ್ವಿನ್ ಪಾಶ್ಚಾತ್ಯ, ಸೃಷ್ಟಿಕರ್ತ ನಮ್ಮ ಸಂಸ್ಕೃತಿ." ಯಾರ ಸಂಸ್ಕೃತಿ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದನ್ನು ಕಟ್ಟಿದವರ ಜೈನ ದರ್ಶನದಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರೇ ಇಲ್ಲ. ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ತರ್ಕದಿಂದಲೇ ಖಂಡಿಸಿದ್ದಾರೆ. ಬುದ್ಧನಂತೂ ವಾಸೆಟ್ಠ ಸುತ್ತದಲ್ಲಿ, ಹುಲ್ಲು, ಹುಳ, ಹಕ್ಕಿ, ಮೀನುಗಳಲ್ಲಿ ಜಾತಿ ಜಾತಿಗೆ ಬೇರೆ ಗುರುತುಂಟು, ಮನುಷ್ಯರಲ್ಲಿ ಅಂತಹ ಗುರುತಿಲ್ಲ ಎನ್ನುತ್ತಾನೆ. ಇದು ಅಪ್ಪಟ ಜೀವಶಾಸ್ತ್ರದ ವಾದ, ಅಪ್ಪಟ ಈ ನೆಲದ್ದು. ಆದರೆ ಒಂದು ಎಚ್ಚರವೂ ಬೇಕು. ಅದೇ ಜಿನಸೇನರ ಪುರಾಣದಲ್ಲಿ ವೃಷಭನಾಥ ಕ್ಷತ್ರಿಯ, ವೈಶ್ಯ, ಶೂದ್ರ ಎಂಬ ವಿಭಾಗ ಮಾಡುತ್ತಾನೆ. ಅಂದರೆ ದೇವರನ್ನು ತೆಗೆದರೂ ಜಾತಿ ಉಳಿಯಬಹುದು. ಬರೀ ನಾಸ್ತಿಕ ಅಂತ ಬೋರ್ಡು ಹಾಕಿಕೊಂಡರೆ ನಮ್ಮ ಕೆಲಸ ಮುಗಿಯುವುದಿಲ್ಲ.

ಮೂರು: "ವಿಜ್ಞಾನವೇ ಜನಾಂಗದ್ವೇಷ ಕಲಿಸಿತಲ್ಲ?" ಹೌದು, ವಿಜ್ಞಾನದ ಹೆಸರಿನಲ್ಲಿ ಅನ್ಯಾಯ ಆಗಿದೆ. ಡಾರ್ವಿನ್‌ನ ಸಂಬಂಧಿ ಗಾಲ್ಟನ್ "ಒಳ್ಳೆ ತಳಿ"ಯ ಮನುಷ್ಯರ ಮಾತಾಡಿದ. 1901ರ ಜನಗಣತಿ ನಡೆಸಿದ ರಿಸ್ಲಿ ಮೂಗು ಅಳೆದು ಜಾತಿಗಳ ಮೇಲು ಕೀಳು ಹೇಳಲು ಹೊರಟ. ಬಾಬಾಸಾಹೇಬರು ಮಾಡಿದ್ದೇನು? ಅಳತೆಪಟ್ಟಿಯನ್ನು ಬಿಸಾಡಲಿಲ್ಲ. 1948ರ ಅಸ್ಪೃಶ್ಯರು ಪುಸ್ತಕದಲ್ಲಿ ಅದೇ ಅಳತೆಗಳನ್ನು ಮುಂದಿಟ್ಟು, ಇದರ ಪ್ರಕಾರವೇ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಅಂತ ತೋರಿಸಿಕೊಟ್ಟರು. ತಪ್ಪು ವಿಜ್ಞಾನಕ್ಕೆ ಮದ್ದು ಇನ್ನಷ್ಟು ವಿಜ್ಞಾನ. ತಪ್ಪು ಸೃಷ್ಟಿಕಥೆಗೆ ಮೇಲ್ಮನವಿ ಹಾಕಲಿಕ್ಕೆ ಕೋರ್ಟೇ ಇಲ್ಲ.

ಆ ಇನ್ನಷ್ಟು ವಿಜ್ಞಾನ ಈಗ ಬಂದಿದೆ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು ನಮ್ಮ ದೇಶದವರ ಡಿಎನ್ಎ ನೋಡಿ ಹೇಳಿದ್ದು: ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಇಲ್ಲಿನ ಜನ ಧಾರಾಳವಾಗಿ ಬೆರೆತಿದ್ದರು. ಆಮೇಲೆ ಬೆರೆಯುವುದು ನಿಂತಿತು. ಪಶ್ಚಿಮ ಬಂಗಾಳದ ಕಲ್ಯಾಣಿಯ ಸಂಸ್ಥೆಯವರು 2016ರಲ್ಲಿ, ಮೇಲ್ಜಾತಿಗಳಲ್ಲಿ ಒಳಮದುವೆ ಗಟ್ಟಿಯಾಗಿ ಸುಮಾರು 70 ತಲೆಮಾರು ಆಯಿತು ಅಂದರು. ಜಾತಿ ಒಳಮದುವೆಯಲ್ಲೇ ನಿಂತಿದೆ ಅಂತ 25 ವರ್ಷದ ತರುಣ ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧಕ್ಕೆ ನೂರು ವರ್ಷ ಆದ ಮೇಲೆ ರಕ್ತದಲ್ಲಿ ಸಿಕ್ಕ ಸಾಕ್ಷಿ ಅದು.

ಇದರ ಅರ್ಥ ಮಾಡಿಕೊಳ್ಳಿ. ಜಾತಿಗೆ ಒಂದು ಹುಟ್ಟಿದ ಕಾಲ ಉಂಟು. ಅದು ಸೃಷ್ಟಿಯ ಆದಿಯಲ್ಲಿ ಬಂದದ್ದಲ್ಲ. ಮನುಷ್ಯರಿಗೆ ಮೂರು ಲಕ್ಷ ವರ್ಷದ ಚರಿತ್ರೆ ಇದ್ದರೆ, ಜಾತಿಯದ್ದು ಅದರಲ್ಲಿ ಕೊನೆಯ ಒಂದು ಚೂರು. ಮನುಷ್ಯರು ನಿಲ್ಲಿಸಿದ್ದನ್ನು ಮನುಷ್ಯರು ಮತ್ತೆ ಶುರುಮಾಡಬಹುದು.

ವಿನ್ಯಾಸದ ಮಾತಿನ ಬೆಲೆ ಕೇಳಬೇಕಾದರೆ ಬೆಳ್ತಂಗಡಿಯ ಕೊಕ್ಕಡದ ಕಡೆ ಹೋಗಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳು. ಎದ್ದು ನಿಲ್ಲಲಾಗದ ಮಕ್ಕಳನ್ನು ಹೊತ್ತ ತಾಯಂದಿರಿಗೆ ವಿಧಿ, ಪೂರ್ವಕರ್ಮ, ನಾಗದೋಷ ಅಂತ ಹೇಳಿದವರಿಗೆ ಲೆಕ್ಕ ಇಲ್ಲ. ಕಾರಣ ಹುಡುಕಿದವರು, ವಿಷದ ಹೆಸರು ಹೇಳಿದವರು ಇದ್ದ ಕಾರಣ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ದೇವರ ಸಂಕಲ್ಪ ಅಂದಿದ್ದರೆ ಪರಿಹಾರದ ಅರ್ಜಿ ಯಾರಿಗೆ ಕೊಡುವುದು?

ಆದ್ದರಿಂದ ಹಿರಿಯರೇ, ಡಿಸಿ ಮನ್ನಾ ಅರ್ಜಿಯನ್ನು ನಾನು ಮರೆತಿಲ್ಲ. ಆ ಅರ್ಜಿಯನ್ನು ಕೈಯಲ್ಲಿ ಹಿಡಿದು ಕೌಂಟರಿನ ಮುಂದೆ ನಿಲ್ಲುವ ನಮ್ಮ ಹುಡುಗಿ, ತಾನು ಯಾರ ಪಾದದ ಧೂಳೂ ಅಲ್ಲ ಅಂತ ಗೊತ್ತಿದ್ದು ನಿಲ್ಲಬೇಕು. ಹಾಗೆ ನಿಂತವಳ ದನಿಯೇ ಬೇರೆ ಇರ್ತದೆ.

ನಮ್ಮಿಂದ ಆಗುವ ಕೆಲಸ ಇಷ್ಟು. ಸಂವಿಧಾನದ 51ಎ(ಎಚ್) ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ನಾಗರಿಕರ ಕರ್ತವ್ಯ ಅಂತ 1976ರಿಂದ ಹೇಳುತ್ತಾ ಉಂಟು. ಅದನ್ನು ಹಿಡಿದುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿನಲ್ಲಿ ಶಿಕ್ಷಣ ಇಲಾಖೆಗೆ ಮನವಿ ಕೊಡುವ: ವಿಕಾಸದ ಪಾಠ ಹತ್ತನೇ ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಪೂರ್ತಿ ಇರಬೇಕು. ಎಸ್‌ಡಿಎಂಸಿಯಲ್ಲಿ ಇರುವ ನಮ್ಮವರು ಮುಂದಿನ ಸಭೆಯಲ್ಲಿ ಈ ಪಾಠ ಮಾಡ್ತಾ ಇದ್ದಾರಾ ಅಂತ ಕೇಳಿ. ಏಪ್ರಿಲ್ 14ಕ್ಕೆ ಪ್ರತಿ ಕಾಲೊನಿಯಲ್ಲಿ ಹಾರ ಹಾಕಿ, ಡಿಜೆ ಹಾಕಿ ಮುಗಿಸುವ ಬದಲು ಒಂದು ಗಂಟೆ ಮಕ್ಕಳಿಗೆ ಈ ಕಥೆ ಹೇಳುವ. ಪ್ರೊಜೆಕ್ಟರ್ ನಾನು ತರ್ತೇನೆ. ಜೀವಶಾಸ್ತ್ರ ಓದಿದ, ಕಲಿಸುವ ಗೆಳೆಯರು ಇದ್ದರೆ ಕೆಳಗೆ ಹೆಸರು ಬರೆಯಿರಿ, ದಿನ ಗೊತ್ತು ಮಾಡುವ.

ಜೈ ಭೀಮ್.